ಖಾಲಿ ಬಂದ ಡಬ್ಬಿ

ಬೀಬಿಜಾನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದಳು. ಆಮೇಲೆ ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿದಳು.

ಕಟ್ಟೆಯ ತುದಿಗೆ ಕೂತೂ ಕೂರದಂತೆ ಒರಗಿದ್ದ ಕರಿಬಸಪ್ಪನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. “ನಿಮ್ಮ ಡಬ್ಬಿ, ಭಾಬಿ. ರಂಜಾನಿಗೆ ಶೀರಖುರ್ಮಾ ಕಳಿಸಿದ್ರಲ್ಲ. ನಮ್ಮ ಹುಡುಗಿ ಸ್ವಪ್ನಾ ತೊಳದು ಇಟ್ಟಿದ್ಲು. ಕೊಟ್ಟ ಹೋಗೂಣು ಅಂತ ಬಂದೆ.”

ಶುದ್ಧ ಸುಳ್ಳು. ಡಬ್ಬಿ ಕೊಡುವ ಆತುರ ಯಾರಿಗೂ ಇರಲಿಲ್ಲ. ಬಂಗೂರನಗರದ ಒಂದೇ ಗಲ್ಲಿಯಲ್ಲಿ ಇಷ್ಟು ವರ್ಷ ಎದುರುಬದುರು ಬಾಳಿದ ಮನೆಗೆ ಇವತ್ತು ಬರಿಗೈಯಲ್ಲಿ ಬರಲು ಅವನಿಗೆ ಧೈರ್ಯ ಸಾಲಲಿಲ್ಲ, ಅಷ್ಟೇ. ಕಪಾಟಿನಲ್ಲಿ ಬಿದ್ದಿದ್ದ ಸ್ಟೀಲ್ ಡಬ್ಬಿ ಕಣ್ಣಿಗೆ ಬಿತ್ತು. ಅದನ್ನೇ ಗುರಾಣಿಯ ಹಾಗೆ ಎದೆಗೆ ಹಿಡಿದುಕೊಂಡು ಬಂದಿದ್ದ.

ನಿನ್ನೆ ನರ್ಸಿಂಗ್ ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಎದುರು ಬೀಬಿಜಾನಳ ಮಗಳು, ದಾದಿ ಜಾಸ್ಮಿನಳತ್ತ ಬೆರಳು ಮಾಡಿ, “ಸತ್ತೆವ್ವನ ಕಾಲು ಹೋಗಿದ್ದು ಇಕಿಯಿಂದ” ಎಂದು ಘೋಷಿಸಿದ್ದ ಮಹಾನುಭಾವ ಅವನೇ. ಇವತ್ತು ಮುಂಜಾನೆ ಆಸ್ಪತ್ರೆಯಲ್ಲಿ, ಹುಣ್ಣು ಬಲಿತು ಕಾಲು ಕತ್ತರಿಸಿಕೊಂಡ ಹಳ್ಳಿಯ ಮುದುಕಿ ಸತ್ತೆವ್ವನ ಸೊಸೆ ತಾಯವ್ವ, ಮೊಬೈಲಿನಲ್ಲಿ ಜಾಸ್ಮಿನಳ ಫೋಟೊ ನೋಡಿ ತಲೆ ಅಲ್ಲಾಡಿಸಿದ್ದಳು. “ಇಕಿ ಅಲ್ರಿ ಸಾಹೇಬ್ರ! ಇಕಿ ಮೊದಲ ಬರತಿದ್ದ ಛಲೋ ಹುಡುಗಿ. ಬರೂದು ಬಿಟ್ಟಾಕಿ ಬ್ಯಾರೆ. ಮಾಸ್ಕ ಹಾಕ್ಕೊಂಡ ಬರತಿದ್ಲು. ನಾ ಹೊಲದಾಗ ಇರತಿದ್ದೆ, ಆಕಿ ಮಾರಿ ನಮ್ಮತ್ತಿಗೊಬ್ಬಾಕಿಗೆ ಗೊತ್ತು.”

ಆ ಅತ್ತೆಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಪೊಲೀಸ್ ಅಪರಾಧ ವಿಭಾಗದಿಂದ ನಿವೃತ್ತನಾದ, ಕಾಲೇಜಿನವರು ನಂಬಿ ತನಿಖೆ ಒಪ್ಪಿಸಿದ್ದ, ಮುಂಡಗೋಡ ಕಡೆಯವರು ಈಗಲೂ ಎದ್ದು ನಿಂತು ನಮಸ್ಕಾರ ಹೇಳುವ ಕರಿಬಸಪ್ಪ, ಒಂದು ಫೋಟೊ ತೋರಿಸುವಷ್ಟೂ ತಾಳ್ಮೆಯಿಲ್ಲದೆ ಒಬ್ಬ ಹುಡುಗಿಯ ಮರ್ಯಾದೆ ತೆಗೆದಿದ್ದ. ತಾಯವ್ವ “ನರ್ಸಬಾಯಿ ಬರೂದ ಬಿಟ್ಲು” ಎಂದಿದ್ದಳು. ಪಾಳಿಯ ಪಟ್ಟಿಯಲ್ಲಿ ಆ ಊರಿನ ಎದುರು ಜಾಸ್ಮಿನಳ ಹೆಸರಿತ್ತು. ಅವನಿಗೆ ಅಷ್ಟೇ ಸಾಕಾಗಿತ್ತು. ನಿನ್ನೆ ಮನೆಗೆ ಹೋಗಿ ಕನ್ನಡಿ ನೋಡಿಕೊಂಡು ಮೀಸೆ ಬೇರೆ ತಿರುವಿಕೊಂಡಿದ್ದ.

“ಖಾಲಿ ಏನಿಲ್ಲ ಬಿಡ್ರಿ, ಅಣ್ಣಾರ,” ಬೀಬಿಜಾನ ಡಬ್ಬಿಯನ್ನು ಅಂಗೈಗೆ ಬಗ್ಗಿಸಿದಳು. “ಎರಡು ಲವಂಗ ಅದಾವ.”

ಕರಿಬಸಪ್ಪನ ಕಿವಿ ಕೆಂಪಾಯಿತು. “ಅದು... ಕೊಡಾಕ ಹಾಕಿದ್ದಲ್ಲ, ಭಾಬಿ. ಮಳಿಗಾಲಕ್ಕ ಡಬ್ಬಿ ಮುಗ್ಗಲು ವಾಸನಿ ಬರಬಾರ್ದಂತ...”

“ಗೊತ್ತೈತಿ. ನಿಮ್ಮ ಮನಿಯಾಕಿ ಶಾಂತಕ್ಕನ ಚಾಳಿ. ಇಡೀ ಗಲ್ಲಿಯಾಗ ಆಕಿ ಒಬ್ಬಾಕಿನ ಹಂಗ ಮಾಡತಿದ್ಲು, ನಾವೆಲ್ಲಾ ನಗತಿದ್ವಿ. ಮಗಳು ಅದನ್ನೊಂದು ಬಿಟ್ಟಿಲ್ಲ ನೋಡ್ರಿ.” ಬೀಬಿಜಾನ ಲವಂಗಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. “ಆದರ ಶಾಂತಕ್ಕ ಇದ್ದಾಗ ಈ ಡಬ್ಬಿ ಎಂದೂ ಹಿಂಗ ಬಂದಿದ್ದಿಲ್ಲ. ಶೇಂಗಾ ಹೋಳಿಗಿ ಇರತಿತ್ತು. ಇಲ್ಲಾ ಕರಚಿಕಾಯಿ. ಏನೂ ಇಲ್ಲದ ದಿನ ಒಂದು ಚಿಟಿಕಿ ಸಕ್ರಿ. ಹೋಗ್ಲಿ, ಹಿರಿ ಹೆಂಗಸಿಲ್ಲದ ಮನಿ.”

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ಅವನಿಗೆ ಗೊತ್ತು. ಹೀಗೆ ಅವನ ಪರವಾಗಿ ಅವಳೇ ನೆಪ ಹುಡುಕಿಕೊಟ್ಟರೆ ಮುಖ ಎಲ್ಲಿ ಇಟ್ಟುಕೊಳ್ಳುವುದು?

ಬೈಯುವವನೂ ಬಂದ. ಬೀಬಿಜಾನಳ ಮಗ ಮನ್ಸೂರ ಗ್ಯಾರೇಜಿನಿಂದ ಆಗಷ್ಟೇ ಬಂದು ಕೈಯ ಎಣ್ಣೆಯನ್ನು ಹಳೇ ಬನಿಯನ್ನಿಗೆ ಒರೆಸಿಕೊಳ್ಳುತ್ತಿದ್ದ.

“ಡಬ್ಬಿ ಮುಟ್ಟೇತಿ. ನಡೀರಿ ಇನ್ನ.”

“ಮನ್ಸೂರ...” ಬೀಬಿಜಾನ ತಡೆದಳು.

“ಏನ ಅಮ್ಮೀ? ನಿನ್ನೆ ಅಷ್ಟ ಮಂದಿ ಮುಂದ ನಮ್ಮ ಹುಡುಗಿನ ಕೆಲಸಗಳ್ಳಿ ಅಂದ್ರಲ್ಲ, ಆಗ ಈ ಡಬ್ಬಿ ನೆನಪಾಗಿದ್ದಿಲ್ಲೇನು? ಮಧ್ಯಾಹ್ನ ಮತ್ತ ಮೀಟಿಂಗ್ ಐತಂತ. ಅಲ್ಲೆ ದೂರಿನ ಪತ್ರಕ್ಕ ಸಹಿ ಮಾಡಿ ನರ್ಸಿಂಗ್ ಕೌನ್ಸಿಲ್ಲಿಗೆ ಕಳಸ್ತಾರಂತ. ಹೆಸರ ತಗದ್ರ ಇಕಿ ಎಲ್ಲೂ ನರ್ಸ ಆಗಿ ಕೆಲಸ ಮಾಡಂಗಿಲ್ಲ. ಇಕಿನ ಕಲಿಸಿದ್ದು ಯಾರು ಗೊತ್ತೈತಿ? ನಾನು. ಗಾಡಿ ಕೆಳಗ ಮಕ್ಕೊಂಡು ಕಲಿಸೀನಿ.”

ಕರಿಬಸಪ್ಪ ಬಗ್ಗಿ, ಕಾಲಿನ ಚಪ್ಪಲಿ ಕಳಚಿ ಬದಿಗಿಟ್ಟ.

ಒಳಗಿನಿಂದ ಜಾಸ್ಮಿನ ಬಂದಳು. ಕೈಯಲ್ಲಿ ನೀರಿನ ತಂಬಿಗೆ. ಅವಳ ಹಿಂದೆ ಹಿತ್ತಲ ಹಗ್ಗದ ಮೇಲೆ ತೊಳೆದ ಸಮವಸ್ತ್ರ ಒಣಗುತ್ತಿತ್ತು. ಇನ್ನು ತೊಡುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದಿದ್ದರೂ ತೊಳೆದು ಹಾಕಿದ್ದಳು.

“ಕುಡೀರಿ, ಕಾಕಾ.”

ಅವನು ತಂಬಿಗೆ ತೆಗೆದುಕೊಂಡ, ಕುಡಿಯಲಿಲ್ಲ. “ಯವ್ವಾ, ನಂದ ತಪ್ಪಾತು. ತಾಯವ್ವ ಹೇಳಿದ್ಲು, ನೀ ಅಲ್ಲಂತ. ನಿನ್ನೆ ನೀ ಯಾಕ ಬಾಯಿ ಬಿಡಲಿಲ್ಲ?”

“ಬಿಟ್ಟಿದ್ರ ಕೇಳತಿದ್ರೇನು?”

ಕೇಳುತ್ತಿರಲಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

“ಹಳಿಯಾಳ ಕಡಿ ಸತ್ತೆವ್ವನ ಊರು ನನ್ನ ಪಾಳಿಗಿತ್ತು,” ಜಾಸ್ಮಿನ ನಿಧಾನವಾಗಿ ಹೇಳಿದಳು. “ಅಮ್ಮೀ ಕಣ್ಣಿನ ಆಪರೇಶನ್ ಆದಾಗ ನಾ ದಾಂಡೇಲಿ ಬಿಟ್ಟು ಹೋಗೂ ಹಂಗಿರಲಿಲ್ಲ. ಇನ್ನೊಬ್ಬಾಕಿ ಜೋಡಿ ಊರು ಬದಲಿ ಮಾಡಿಕೊಂಡೆ. ಲಕ್ಷ್ಮೀದೇವಿ ಮೇಡಂಗ ಹೇಳಲಿಲ್ಲ. ಅದು ನಂದ ತಪ್ಪು, ಒಪ್ಪತೇನಿ. ಯಾರಿಗೂ ಹೇಳಬ್ಯಾಡ ಅಂತ ಆಕಿ ಮಾತ ತಗೊಂಡಿದ್ಲು. ನಿನ್ನೆ ಆಕಿನ ಎದ್ದು ಹೇಳ್ತಾಳ ಅಂತ ಕಾದೆ. ಆಕಿ ಏಳಲಿಲ್ಲ.”

“ಯಾರ ಆಕಿ?”

ಜಾಸ್ಮಿನಳ ಕಣ್ಣು ಕೆಳಗಿಳಿದು, ಚಪ್ಪಲಿ ಬಿಟ್ಟು ನೆಲದ ಮೇಲೆ ಊರಿದ್ದ ಅವನ ಬಲಗಾಲಿನ ಮೇಲೆ ನಿಂತಿತು. ದೀಪಾವಳಿಯಲ್ಲಿ ಅದೇ ಕಾಲಿಗೆ ಬಟ್ಟೆ ಸುತ್ತಿಕೊಂಡು ಅವನು ಇದೇ ಗಲ್ಲಿಯಲ್ಲಿ ಕುಂಟುತ್ತಿದ್ದ.

“ಕಾಲು ಛಲೋ ಆರೇತಲ್ಲ, ಕಾಕಾ.”

“ಹೂಂ. ಮನ್ಯಾಗ ನರ್ಸ ಇದ್ರ ಹಿಂಗ, ಎಲ್ಲಾ ಸ್ವಪ್ನಾನ ಆರೈಕಿ.”

ಅವಳ ತುಟಿ ಬಿಗಿಯಿತು. ಇಂಥ ಹೊತ್ತಿನಲ್ಲೂ ಮಗಳನ್ನು ಹೊಗಳಿದ್ದು ಅವಳಿಗೆ ಸೇರಲಿಲ್ಲವೆಂದು ಕರಿಬಸಪ್ಪ ನಾಲಿಗೆ ಕಚ್ಚಿಕೊಂಡ.

“ಹೆಸರ ನಾ ಹೇಳಂಗಿಲ್ಲ,” ಎಂದಳು ಜಾಸ್ಮಿನ. “ಹೇಳಿದ್ರ ನಾ ಸಿಟ್ಟಿಗೆ ಹೇಳೀನಿ ಅಂತೀರಿ. ನೀವ ಹೋಗಿ ನೋಡ್ರಿ. ಈಗ ಅಮ್ಮೀ ಡಬ್ಬಿ ವಿಷಯ ಅಂದ್ಲಲ್ಲ? ಅದು ನಮ್ಮ ಗಲ್ಲಿ ರಿವಾಜು ಅಷ್ಟ ಅಲ್ಲ. ನಾ ಹೋದ ಯಾವ ಮನ್ಯಾಗೂ ಕಾಲಿನ ಹುಣ್ಣಿಗೆ ಹಚ್ಚೂ ಮುಲಾಮಿನ ಡಬ್ಬಿ ಖಾಲಿ ತಿರುಗಿ ಕೊಟ್ಟಿಲ್ಲ. ತೂಕಾ ಮಾಡೂದೈತಿ, ಏನೂ ಹಾಕಬ್ಯಾಡ್ರಿ ಅಂತ ಕೈ ಮುಗಿದೆ. ಕೇಳಬೇಕಲ್ಲ? ನಾ ಕಾಲು ತೊಳ್ಯಾಕ ಕುಂತಿರತಿದ್ದೆ, ಹಿಂದ ಸೊಸಿ ಒಂದು ಹಿಡಿ ಶೇಂಗಾ ಹಾಕಿ ಮುಚ್ಚಿ ಇಟ್ಟುಬಿಡತಿದ್ಲು.”

ಕರಿಬಸಪ್ಪನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. “ಆ ಡಬ್ಬಿ ಈಗ ಎಲ್ಲೆ ಅದಾವ?”

“ಕಾಲೇಜ ಸ್ಟೋರಿನ್ಯಾಗ. ಕವರಿಗೆ ಸೀಲ್ ಹಾಕಿ ಇಟ್ಟೀವಿ. ಯಾರೂ ಬಿಚ್ಚಿಲ್ಲ. ಪ್ರಯೋಗ ಮುಗಿದ ಮ್ಯಾಲ ಎಲ್ಲಾ ಕೂಡೆ ತೂಕಾ ಮಾಡೂದಿತ್ತು.”

ಅವನು ಒಂದೇ ಗುಟುಕಿಗೆ ನೀರು ಕುಡಿದು ಎದ್ದ. ಎದ್ದವನು ಬೀಬಿಜಾನಳ ಎದುರು ಕೈ ಮುಗಿದ. ಅವನ ಕೈ ದೇವರಿಗಲ್ಲದೆ, ಮೇಲಧಿಕಾರಿಗಳಿಗಲ್ಲದೆ ಹಾಗೆ ಕೂಡಿದ್ದು ಕಡಿಮೆ.

“ಭಾಬಿ, ಮೀಟಿಂಗಿಗೆ ಬರ್ರಿ. ಯಾವ ಜಾಗಾದಾಗ ನಿಂತು ಇಕಿ ಹೆಸರ ಹೇಳಿದ್ನೋ, ಅದ ಜಾಗಾದಾಗ ನಿಂತು ಖರೇ ಹೆಸರ ಹೇಳ್ತೇನಿ. ಯಾರರ ಇರ್ಲಿ.”

“ಯಾರರ ಇರ್ಲಿ?” ಜಾಸ್ಮಿನ ಕೇಳಿದಳು.

“ಯಾರರ ಇರ್ಲಿ!”

ಅವಳು ಖಾಲಿ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು.

*

ಕಾಲೇಜಿನ ಸ್ಟೋರ್ ಕೋಣೆಯ ಕಪಾಟನ್ನು ಲಕ್ಷ್ಮೀದೇವಿ ಮೇಡಂ ತಾವೇ ತೆಗೆದರು. ಈ ಪ್ರಯೋಗ ಶುರು ಮಾಡಿದವರು ಅವರೇ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹೊಸದೊಂದು ಮುಲಾಮು. ದಾದಿಯರು ವಾರವಾರ ಮನೆಮನೆಗೆ ಹೋಗಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅದನ್ನು ಹಚ್ಚಿ, ಗಾಯ ಎಷ್ಟು ಕೂಡಿತೆಂದು ಅಳೆದು ಬರಬೇಕು. ಅರ್ಧ ಮಂದಿಗೆ ಹೊಸ ಮುಲಾಮು, ಅರ್ಧ ಮಂದಿಗೆ ಸಾದಾ ಮುಲಾಮು. ಡಬ್ಬಿ ಒಂದೇ, ಬಣ್ಣ ಒಂದೇ, ವಾಸನೆಯೂ ಒಂದೇ. ಯಾರಿಗೆ ಯಾವುದು ಎಂಬುದು ಕಾಯಿಲೆಯವರಿಗೂ ಗೊತ್ತಿಲ್ಲ, ಹಚ್ಚುವವರಿಗೂ ಗೊತ್ತಿಲ್ಲ. ಡಬ್ಬಿ ಮುಗಿದಾಗ ಹಳೆಯದನ್ನು ತೆಗೆದುಕೊಂಡು ಹೊಸದು ಕೊಡುವುದು. ಎಷ್ಟು ಹಚ್ಚಿದ್ದಾರೆ ಎಂಬುದಕ್ಕೆ ಹಳೇ ಡಬ್ಬಿಯ ತೂಕವೇ ಸಾಕ್ಷಿ.

“ಒಂದು ಕಾಲು ಸುಳ್ಳಾದ್ರ ಎಲ್ಲಾ ಸುಳ್ಳರಿ, ಕರಿಬಸಪ್ಪನವರ,” ಲಕ್ಷ್ಮೀದೇವಿಯವರ ಧ್ವನಿಯಲ್ಲಿ ನಿದ್ದೆಗೆಟ್ಟವರ ಒರಟುತನವಿತ್ತು. “ನಾಳೆ ಇದನ್ನ ನಂಬಿ ಯಾರೋ ಡಾಕ್ಟರ್ ಯಾರದೋ ಕಾಲಿಗೆ ಹಚ್ಚತಾರ. ಹಳ್ಳಿ ಮಂದಿ ಬಾಗಿಲ ತಗದು ನಮ್ಮನ್ನ ಒಳಗ ಕರದ್ರು. ಅವರಿಗೆ ನಾ ಏನಂತ ಮುಖ ತೋರಸ್ಲಿ?”

ಮುಖ ತೋರಿಸುವ ಚಿಂತೆ ಅವನಿಗೂ ಇತ್ತು. ಮೊದಲ ಕವರಿನ ಸೀಲ್ ಹರಿದ.

ಬಿಳಿ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತಿರುವಿದರೆ ಒಳಗೆ ಒಂದು ಹಿಡಿ ಶೇಂಗಾ. ಇನ್ನೊಂದರಲ್ಲಿ ಬೆಲ್ಲದ ಉಂಡೆ, ಅದಕ್ಕೆ ಅಂಟಿದ ಸತ್ತ ಇರುವೆಗಳು. ಮತ್ತೊಂದರಲ್ಲಿ ಅವಲಕ್ಕಿ. ಸಂಕ್ರಾಂತಿ ಹೊತ್ತಿನ ಒಂದರಲ್ಲಿ ಸಕ್ಕರೆಯ ಕುಸುರೆಳ್ಳು, ಬಣ್ಣ ಬಿಟ್ಟು ಡಬ್ಬಿಯ ತಳವೆಲ್ಲ ಗುಲಾಬಿ. ಜೋಯಿಡಾ ಕಡೆಯಿಂದ ಬಂದದ್ದರಲ್ಲಿ ಕೋಕಂ ಸಿಪ್ಪೆ. ಯಾರೋ ಏನೂ ಸಿಗದೆ ಒಂದು ಅರಿಸಿನದ ಕೊಂಬು ಹಾಕಿ ಕಳಿಸಿದ್ದರು.

ಲಕ್ಷ್ಮೀದೇವಿಯವರು ಹಣೆ ಒತ್ತಿಕೊಂಡರು. “ಅಯ್ಯೋ ಶಿವನ! ಇದನ್ನ ನಾ ಹೆಂಗ ತೂಕಾ ಮಾಡ್ಲಿ?”

ಕರಿಬಸಪ್ಪ ನಗಲಿಲ್ಲ. ಆ ಕಾಳುಕಡಿಯ ನಡುವೆ ಅವನಿಗೆ ಜಾಸ್ಮಿನಳ ಕೈ ಕಾಣುತ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಕೂತು ಯಾರದೋ ಕೀವು ತೊಳೆಯುವ ಕೈ. ಇವೆಲ್ಲ ಆ ಕೈಗೆ ಬಂದ ಮರ್ಯಾದೆ. ಅದೇ ಹುಡುಗಿಯನ್ನು ಅವನು ಮನೆಗೇ ಹೋಗದ ಕಳ್ಳಿ ಎಂದಿದ್ದ.

“ಸತ್ತೆವ್ವನವು ಎಲ್ಲೆ?”

ಕೆಳಗಿನ ಖಾನೆಯಲ್ಲಿದ್ದವು. ಮೂರು ಕವರು. ಮೂರರ ಮೇಲೂ ಜಾಸ್ಮಿನಳ ಹೆಸರೇ, ಪಟ್ಟಿಯಲ್ಲಿ ಊರು ಅವಳದೇ ಆಗಿತ್ತಲ್ಲ! ಮೊದಲನೆಯದರಲ್ಲಿ ಶೇಂಗಾ ಇತ್ತು. ಎರಡನೆಯದರ ಮುಚ್ಚಳ ತಿರುವಿದ.

ಖಾಲಿ. ಕನ್ನಡಿಯ ಹಾಗೆ ತೊಳೆದು, ಒರೆಸಿ, ಒಣಗಿಸಿದ ಡಬ್ಬಿ.

ಮೂರನೆಯದೂ ಖಾಲಿ.

ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಆ ಮುದುಕಿ, ಒಂದು ಹಿಡಿ ಕಾಳಿಲ್ಲದೆ ಡಬ್ಬಿ ಹಿಂದಿರುಗಿಸುವ ಪೈಕಿಯವಳಲ್ಲ. ಮೊದಲ ಡಬ್ಬಿಯೇ ಅದನ್ನು ಹೇಳುತ್ತಿತ್ತು. ಅಂದರೆ ಈ ಎರಡು ಡಬ್ಬಿಗಳು ಅವಳ ಮನೆ ಹೊಸ್ತಿಲು ತುಳಿದಿರಲೇ ಇಲ್ಲ. ಯಾರೋ ಮುಲಾಮು ಬೇರೆಡೆ ಸಾಗಿಸಿ, ಡಬ್ಬಿ ತೊಳೆದು ತಂದಿಟ್ಟಿದ್ದರು. ಪಟ್ಟಣದ ಜಾಣತನದಿಂದ ಚೊಕ್ಕ ತೊಳೆದವರಿಗೆ, ಹಳ್ಳಿಯ ಡಬ್ಬಿ ಚೊಕ್ಕವಿರುವುದೇ ತಪ್ಪೆಂದು ಹೊಳೆದಿರಲಿಲ್ಲ.

ಹಿಡಿದೆ, ಎಂದುಕೊಂಡ. ಹಳೆಯ ಹುರುಪು ಒಂದು ಕ್ಷಣ ಮೈಯಲ್ಲಿ ಹರಿಯಿತು. ಡಬ್ಬಿಯನ್ನು ಅಂಗೈಗೆ ತಟ್ಟಿದ.

ಎರಡು ಲವಂಗ ಉರುಳಿದವು.

ತಳದ ಅಂಚಿಗೆ ಸಿಕ್ಕಿಕೊಂಡಿದ್ದವು, ಮೊದಲು ಕಂಡಿರಲಿಲ್ಲ. ಇನ್ನೊಂದು ಡಬ್ಬಿಯನ್ನೂ ತಟ್ಟಿದ. ಅದರಲ್ಲೂ ಎರಡು.

“ಏನದು?” ಲಕ್ಷ್ಮೀದೇವಿಯವರು ಕೇಳಿದರು.

ಕರಿಬಸಪ್ಪನ ಮುಷ್ಟಿ ತಾನಾಗಿ ಮುಚ್ಚಿಕೊಂಡಿತು. “ಏನಿಲ್ಲರಿ. ಕಸಾ.”

ಸಾಕ್ಷ್ಯ ಮುಚ್ಚಿಟ್ಟವರನ್ನು ಹಿಡಿದು ಹಿಡಿದು ಹೆಸರು ಮಾಡಿದವನು ತಾನೇ ಸಾಕ್ಷ್ಯವನ್ನು ಬೆವರುವ ಅಂಗೈಯಲ್ಲಿ ಮುಚ್ಚಿಕೊಂಡು ನಿಂತ. ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದು ಅವನಿಗೇ ಹೇಸಿಗೆಯಾಯಿತು.

“ಮಂದಿ ಬರಾಕತ್ತಾರ. ನಾ ಅಲ್ಲೆ ಇರತೇನಿ, ಜಲ್ದಿ ಬರ್ರಿ,” ಎಂದು ಲಕ್ಷ್ಮೀದೇವಿಯವರು ಹೊರಟರು.

ಅವರು ಮರೆಯಾದ ಮೇಲೆ ಕರಿಬಸಪ್ಪ ಕಪಾಟಿನಿಂದ ಇನ್ನೂ ಹಂಚದ ಹೊಸ ಡಬ್ಬಿಯೊಂದನ್ನು ತೆಗೆದ. ಬೇಡ ಬೇಡ ಎನ್ನುತ್ತಲೇ ಮುಚ್ಚಳ ತಿರುವಿ ಮೂಗಿನ ಹತ್ತಿರ ತಂದ.

ಬೇವು, ಕರ್ಪೂರ. ಅವನ ಹಾಸಿಗೆಯ ವಾಸನೆ.

ದಿನಾ ಮಲಗುವ ಮುಂಚೆ ಮಂಚದ ಕೆಳಗಿನ ಸ್ಟೀಲ್ ಡಬ್ಬಿಯಿಂದ ತೆಗೆದು ಬಲಗಾಲಿಗೆ ತಿಕ್ಕಿಕೊಂಡದ್ದು ಇದೇ. ಹುಬ್ಬಳ್ಳಿಯ ಡಾಕ್ಟರು ಅವನ ಸಕ್ಕರೆ ಕಾಯಿಲೆಯ ಹುಣ್ಣು ನೋಡಿ, ಪಾದ ಉಳಿಯುವುದು ಕಷ್ಟ ಎಂದಿದ್ದರು. ಅದಾದ ಮೇಲೆ ಒಂದು ದಿನ ಮಗಳು ಡಬ್ಬಿ ತಂದು, “ಇದನ್ನ ಹಚ್ಚಿಕೋ ಅಪ್ಪಾ, ಯಾರಿಗೂ ಹೇಳಬ್ಯಾಡ, ಭಾಳ ತುಟ್ಟಿ” ಎಂದಿದ್ದಳು. ಅವನು ಏನೂ ವಿಚಾರಿಸಿರಲಿಲ್ಲ. ಊರಿಗೆಲ್ಲ ಎಲ್ಲಿಂದ ತಂದೆ, ಯಾರು ಕೊಟ್ಟರು ಎಂದು ಕೇಳುವವನು ತನ್ನ ಮನೆಯಲ್ಲಿ ಕಾಲು ಚಾಚಿ ಹಚ್ಚಿಕೊಂಡಿದ್ದ. ಗಾಯ ಕೂಡುತ್ತ ಬಂದಾಗ ಎಂಥ ಮಗಳನ್ನು ಪಡೆದೆ ಎಂದು ಬೀಗಿದ್ದ.

ಬಗ್ಗಿ ಕಾಲು ನೋಡಿಕೊಂಡ. ಹೊಸ ಚರ್ಮ ತೆಳ್ಳಗೆ, ನಸುಗೆಂಪಾಗಿ, ನುಣ್ಣಗೆ ಕೂಡಿತ್ತು. ಅದು ಸತ್ತೆವ್ವನ ಕಾಲಿನ ಮೇಲೆ ಇರಬೇಕಿದ್ದ ಚರ್ಮ. ಮುಂಜಾನೆ ಜಾಸ್ಮಿನ ಕಂಡದ್ದು ಇದನ್ನೇ. ಕಂಡೂ, ಅವನ ಬಾಯಿಂದ ಮಗಳ ಹೊಗಳಿಕೆ ಕೇಳಿಯೂ ಸುಮ್ಮನಿದ್ದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಕರಿಬಸಪ್ಪನಿಗೆ.

“ಅಪ್ಪಾ, ಎಲ್ಲಾರೂ ಕುಂತಾರ. ಬರ್ತೀ?”

ಬಾಗಿಲಲ್ಲಿ ಸ್ವಪ್ನಾ ನಿಂತಿದ್ದಳು. ಸಮವಸ್ತ್ರ, ಹೆಗಲಿಗೆ ಬ್ಯಾಗು, ಗದ್ದಕ್ಕೆ ಇಳಿಸಿದ ಮಾಸ್ಕ್. ತಾಯಿಯದೇ ಹಣೆ, ತಾಯಿಯದೇ ಕಣ್ಣು.

ಕರಿಬಸಪ್ಪ ಮುಷ್ಟಿ ಬಿಚ್ಚಿ ತೋರಿಸಿದ. ಲವಂಗ ಕಂಡದ್ದೇ ಸ್ವಪ್ನಾಳ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ.

“ನಾ ಡಬ್ಬಿ ತೊಳದಾಗ...” ಎಂದಳು. “ಕೈ ರೂಢಿ, ಅಪ್ಪಾ. ಹಾಕೀನಿ ಅನ್ನೂದೂ ನನಗ ನೆನಪಿಲ್ಲ.”

“ಜಾಸ್ಮಿನ ಕೂಡ ಊರು ಬದಲಿ ಮಾಡಿಕೊಂಡಾಕಿ ನೀನ?”

“ಹೂಂ.”

“ಸತ್ತೆವ್ವಂದ ಯಾಕ ತಗೊಂಡಿ? ಅಷ್ಟ ಮಂದಿಯಾಗ ಆ ಮುದುಕಿದ ಬೇಕಿತ್ತೇನ ನಿನಗ?”

“ಆಕಿ ಕಾಲು ಆರಾಕತ್ತಿತ್ತು!” ಸ್ವಪ್ನಾಳ ಧ್ವನಿ ಒಡೆಯಿತು. “ಯಾವ ಡಬ್ಬ್ಯಾಗ ಖರೇ ಔಷಧ ಐತಿ ಅನ್ನೂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆಕಿ ಕಾಲು ನೋಡಿದ ಮ್ಯಾಲ ಗೊತ್ತಾತು. ನಮ್ಮಪ್ಪನ್ನೂ ಪ್ರಯೋಗದಾಗ ಸೇರಿಸಿಕೋರಿ ಅಂತ ಮೇಡಂನ ಕೇಳಿದ್ದೆ. ಸಿಬ್ಬಂದಿ ಮನಿಯವರಿಗೆ ಇಲ್ಲಂದ್ರು. ನಿನ್ನ ಕಾಲು ತಗೀತೇವಿ ಅಂದಿದ್ರು, ಅಪ್ಪಾ. ಅವ್ವನ್ನ ಕಳಕೊಂಡಿದ್ದೆ. ಒಂದ ಡಬ್ಬಿ ಸಾಕು, ಆಮ್ಯಾಲ ಆಕಿಗೆ ಕೊಡ್ತೇನಿ ಅಂದ್ಕೊಂಡೆ. ಒಂದು ಎರಡಾತು.”

“ಹೋಗಿ ಕಾಲರ ತೊಳಿಬೇಕಿತ್ತಲ್ಲ! ಹುಣ್ಣು ಕಪ್ಪಾತು ಅಂತ ಯಾರಿಗರ ಹೇಳಬೇಕಿತ್ತಲ್ಲ!”

“ಹೆಂಗ ಹೋಗ್ಲಿ?” ಅವಳು ಮುಖ ಮುಚ್ಚಿಕೊಂಡಳು. “ಡಬ್ಬಿ ತಗೊಂಡ ಮ್ಯಾಲ ಒಂದು ಸಲಾ ಹೋದೆ. ಔಷಧ ತಂದಿ ಏನವ್ವಾ ಅಂತ ಕೇಳಿದ್ಲು. ಮುಂದಿನ ವಾರ ತರತೇನಿ ಅಂದೆ. ಅದಕ್ಕೂ ಆಕಿ ನನಗ ಚಹಾ ಕಾಸಿ ಕೊಟ್ಲು. ಆಮ್ಯಾಲ ಆ ಊರ ರಸ್ತೆ ಹಿಡಿಯಾಕ ನನಗ ಆಗ್ಲೇ ಇಲ್ಲ.”

ಕಾರಿಡಾರಿನ ಆ ಕಡೆಯಿಂದ ಕುರ್ಚಿ ಎಳೆಯುವ ಸದ್ದು ಬಂತು. ಅಲ್ಲಿ ಬೀಬಿಜಾನ ಕೂತಿರುತ್ತಾಳೆ. ಯಾರರ ಇರ್ಲಿ ಎಂದು ಬಂದಿದ್ದ, ಅದೂ ಎರಡು ಸಲ.

“ನೀನ ಹೇಳು,” ಎಂದ ಕರಿಬಸಪ್ಪ. “ನಾ ಹೇಳೂದಕ್ಕಿಂತ ನಿನ್ನ ಬಾಯಿಂದ ಬರ್ಲಿ. ನಡಿ.”

ಸ್ವಪ್ನಾ ಕಣ್ಣೊರೆಸಿಕೊಂಡಳು. ಬ್ಯಾಗಿನ ಮೇಲೆ ಕೈಯಿಟ್ಟಳು. “ಉಳದಿದ್ದ ಮುಲಾಮು ಇದರಾಗೈತಿ. ಮುಂಜಾನೆ ನೀ ಆ ಕಡಿ ಹೋದ ಮ್ಯಾಲ ಮಂಚದ ಬುಡಕಿಂದ ತಗದೆ. ಮಾರಿ ತೊಳಕೊಂಡು ಬರತೇನಿ, ಅಪ್ಪಾ. ಹಿಂಗ ಹೆಂಗ ಮಂದಿ ಮುಂದ ಬರ್ಲಿ? ನೀ ನಡಿ.”

ಬ್ಯಾಗು ಇಲ್ಲಿಟ್ಟು ಹೋಗು ಎನ್ನಬೇಕಿತ್ತು. ಬೇರೆ ಯಾರೇ ಆಗಿದ್ದರೂ ಎನ್ನುತ್ತಿದ್ದ. “ಜಲ್ದಿ ಬಾ,” ಎಂದ.

ನಿನ್ನೆ ಜಾಸ್ಮಿನಳಿಗೆ ಮುಖ ಎತ್ತುವಷ್ಟೂ ಪುರುಸೊತ್ತು ಕೊಡದವನು, ತನ್ನ ಮಗಳಿಗೆ ಮುಖ ತೊಳೆದುಕೊಳ್ಳುವಷ್ಟು ಕೊಟ್ಟ.

*

ಸಭಾಂಗಣ ನಿನ್ನೆಯ ಹಾಗೇ ತುಂಬಿತ್ತು. ಹಿಂದಿನ ಸಾಲಿನಲ್ಲಿ ಮನ್ಸೂರ ಕೈಕಟ್ಟಿ ಕೂತಿದ್ದ. ಅವನ ಪಕ್ಕ ಬೀಬಿಜಾನ, ಅವಳ ಪಕ್ಕ ಜಾಸ್ಮಿನ. ಅವಳ ಎಡಬಲದ ಕುರ್ಚಿಗಳಲ್ಲಿ ಅಮ್ಮನ ಹೊರತು ಯಾರೂ ಕೂತಿರಲಿಲ್ಲ. ಒಂದು ದಿನದಲ್ಲಿ ಕರಿಬಸಪ್ಪನ ಬಾಯಿ ಮಾಡಿದ ಕೆಲಸ ಅದು.

ಕರಿಬಸಪ್ಪ ನಿನ್ನೆ ನಿಂತಿದ್ದ ಜಾಗದಲ್ಲೇ ನಿಂತ. ಬಾಗಿಲ ಕಡೆ ನೋಡಿದ. ಸ್ವಪ್ನಾ ಇಲ್ಲ. ನೀರು ಕುಡಿದ. ಕನ್ನಡಕ ಒರೆಸಿದ. ಮತ್ತೆ ಬಾಗಿಲ ಕಡೆ ನೋಡಿದ.

“ಹೇಳ್ರಿ, ಕರಿಬಸಪ್ಪನವರ,” ಎಂದರು ಲಕ್ಷ್ಮೀದೇವಿ. “ಪತ್ರ ತಯಾರೈತಿ. ಸಹಿ ಒಂದು ಬಾಕಿ.”

“ಆ ಪತ್ರ ಹರೀರಿ,” ಎಂದ. “ಜಾಸ್ಮಿನ ಏನೂ ಮಾಡಿಲ್ಲ. ಊರು ಬದಲಿ ಮಾಡಿಕೊಂಡಿದ್ದು ಬಿಟ್ರ ಆಕಿದ ಯಾವ ತಪ್ಪೂ ಇಲ್ಲ. ನಾ ನಿನ್ನೆ ಕಣ್ಣ ಮುಚ್ಚಿಕೊಂಡು ಮಾತಾಡಿದೆ. ಎಲ್ಲಾರ ಮುಂದ ಬೈದಿದ್ದೆ, ಎಲ್ಲಾರ ಮುಂದ ಕ್ಷಮಾ ಕೇಳ್ತೇನಿ.”

ಗುಸುಗುಸು ಎದ್ದಿತು. ಬೀಬಿಜಾನ ಮಗಳ ಕೈ ಹಿಡಿದುಕೊಂಡಳು. ಜಾಸ್ಮಿನ ಮಾತ್ರ ಅವನನ್ನೇ ನೋಡುತ್ತಿದ್ದಳು. ಇನ್ನೂ ಹೇಳಬೇಕಾದದ್ದು ಇದೆ ಎಂದು ಅವಳಿಗೆ ಗೊತ್ತಿತ್ತು.

“ಹಂಗಾರ ಯಾರು?” ಹಿಂದಿನಿಂದ ಮನ್ಸೂರ ಕೇಳಿದ.

ಬಾಗಿಲು ಖಾಲಿಯೇ ಇತ್ತು. ಕರಿಬಸಪ್ಪ ಮೇಜಿನ ಮೇಲೆ ಮುಷ್ಟಿ ಬಿಚ್ಚಿದ. ನಾಲ್ಕು ಲವಂಗ ಉರುಳಿ ನಿಂತವು. ಚಪ್ಪಲಿ ಕಳಚಿ, ಬಲಗಾಲನ್ನು ಕುರ್ಚಿಯ ಮೇಲೆತ್ತಿ ಇಟ್ಟ, ಎಲ್ಲರಿಗೂ ಕಾಣುವ ಹಾಗೆ.

“ಇವು ನನ್ನ ಮನಿ ಲವಂಗ. ಸತ್ತೆವ್ವನ ಡಬ್ಬ್ಯಾಗ ಇದ್ದವು. ಆಕಿ ಔಷಧ ಈ ಕಾಲಿಗೆ ಬಿದ್ದೈತಿ. ತಂದಾಕಿ ನನ್ನ ಮಗಳು. ಸ್ವಪ್ನಾ.”

ಬೀಬಿಜಾನ “ಯಾ ಅಲ್ಲಾ” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕರಿಬಸಪ್ಪನಿಗೆ ಕಾಲು ಕೆಳಗಿಳಿಸಲೂ ನಾಚಿಕೆ, ಹಾಗೇ ಇಡಲೂ ನಾಚಿಕೆ.

“ಸ್ವಪ್ನಾ ಎಲ್ಲೆ?” ಜಾಸ್ಮಿನ ಥಟ್ಟನೆ ಎದ್ದು ನಿಂತಳು. “ಕಾಕಾ, ಆಕಿನ ಎಲ್ಲೆ ಬಿಟ್ಟು ಬಂದ್ರಿ?”

“ಮಾರಿ ತೊಳಕೊಂಡು...”

ಅವನ ಜೇಬಿನಲ್ಲಿ ಫೋನ್ ರಿಂಗಾಯಿತು. ತಾಯವ್ವ. ಆಸ್ಪತ್ರೆ ಇಲ್ಲಿಂದ ರಸ್ತೆ ದಾಟಿದರೆ ಸಿಗುತ್ತದೆ.

“ಸಾಹೇಬ್ರ!” ಅವಳ ಧ್ವನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. “ನಮ್ಮತ್ತಿ ಕಣ್ಣ ಬಿಟ್ಟಾಳರಿ! ಆ ಮಾಸ್ಕಿನ ನರ್ಸಬಾಯಿನೂ ಬಂದಾಳ. ಬಿಸಿನೀರು ತಾ ಅಂತ ನನ್ನ ಹೊರಗ ಕಳಿಸಿದ್ಲು. ತಿರುಗಿ ಬರೂದ್ರಾಗ ಒಳಗಿಂದ ಚಿಲಕಾ ಹಾಕ್ಯಾಳ. ಎಷ್ಟ ಬಡದ್ರೂ ತಗೀವಲ್ಲಳು. ಅತ್ತಿ ಮೊದಲ ಏನೋ ಕೂಗಿದಂಗಾತು, ಈಗ ದನಿನ ಇಲ್ಲ...”

ಜಾಸ್ಮಿನ ಆಗಲೇ ಬಾಗಿಲ ಕಡೆ ಓಡುತ್ತಿದ್ದಳು. ಕರಿಬಸಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. ಆ ಮಾಸ್ಕಿನ ಹಿಂದಿನ ಮುಖ ಕಂಡವಳು ಪ್ರಪಂಚದಲ್ಲಿ ಸತ್ತೆವ್ವ ಒಬ್ಬಳೇ.

“ತಾಯವ್ವಾ, ಆಕಿ ಕೈಯಾಗ ಏನರ ಇತ್ತೇನು?”

“ಇತ್ತರಿ. ಒಂದು ಸಿರಿಂಜು. ಮತ್ತೊಂದು ಸ್ಟೀಲ್ ಡಬ್ಬಿ.”